ಆರ್ಥಿಕ ಸಂಕಷ್ಟದಲ್ಲಿರುವ ಊರಿಗೆ ಪ್ರವಾಸ ಹೋಗುವುದು ತಪ್ಪಾ?

ತಪ್ಪಲ್ಲ, ಹೋಗಿ. ಜನ ಕಷ್ಟದಲ್ಲಿರುವಾಗ ನಾವು ಕ್ಯಾಮೆರಾ ಹಿಡಿದು ತಿರುಗುವುದು ಸರಿಯೇ ಎಂದು ಕೇಳಿದ್ದೀರಿ. 2022ರ ಅಕ್ಟೋಬರ್ ಕೊನೆಯಲ್ಲಿ ನಾನು ಶ್ರೀಲಂಕಾದ ಕ್ಯಾಂಡಿಗೆ ಹೊರಟಾಗ ಅಮ್ಮನೂ ಇದನ್ನೇ ಕೇಳಿದ್ದರು: "ಅವರಿಗೇ ಊಟಕ್ಕಿಲ್ವಂತೆ, ನೀನು ಹೋಗಿ ಏನು ನೋಡ್ತೀಯಾ?" ಟಿಕೆಟ್ ಆಗಿಹೋಗಿತ್ತು, ಹೋದೆ.

ಶ್ರೀಲಂಕಾ ಆ ಸ್ಥಿತಿಗೆ ಬಂದದ್ದು ಹೀಗೆ: 2019ರ ಈಸ್ಟರ್ ಬಾಂಬ್ ದಾಳಿ, ಅದೇ ವರ್ಷ ಮನಸೋಇಚ್ಛೆ ತೆರಿಗೆ ಕಡಿತ, ಆಮೇಲೆ ಕೋವಿಡ್, 2021ರಲ್ಲಿ ದಿಢೀರನೆ ರಾಸಾಯನಿಕ ಗೊಬ್ಬರಕ್ಕೆ ನಿಷೇಧ. ಡಾಲರ್ ಬರಿದಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ವಿದೇಶಿ ಸಾಲ ಕಟ್ಟಲಾಗದೆಂದು ಕೈಚೆಲ್ಲಿತು, ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಓಡಿದರು. ನಾನು ಹೋಗುವಷ್ಟರಲ್ಲಿ ಬಂಕ್‌ಗಳ ಮುಂದಿನ ಸಾಲು ಕರಗಿ, ಪೆಟ್ರೋಲಿಗೆ ಕ್ಯೂಆರ್ ಕೋಡ್ ಪಡಿತರ ಬಂದಿತ್ತು.

ಆ ಕೋಡಿನ ಮಹಿಮೆ ತಿಳಿದದ್ದು ನನ್ನ ಚೌಕಾಸಿಯಿಂದ. ರೈಲ್ವೆ ಸ್ಟೇಷನ್ನಿನಿಂದ ಗುಡ್ಡದ ಮೇಲಿನ ಗೆಸ್ಟ್‌ಹೌಸಿಗೆ ಆಟೋದವರು 700 ಕೇಳಿದರು. ಬೆಂಗಳೂರಿನ ಚಾಳಿ, 400 ಅಂದೆ. (ಆಗ ನಮ್ಮ ಒಂದು ರೂಪಾಯಿಗೆ ಅವರದು ನಾಲ್ಕೂ ಚಿಲ್ಲರೆ. ಅಂದರೆ ನಾನು ಜಗ್ಗಾಡುತ್ತಿದ್ದದ್ದು ಎಪ್ಪತ್ತು ರೂಪಾಯಿಗೆ!) ಅವರು ಬೈಯಲಿಲ್ಲ. ಮೊಬೈಲಿನಲ್ಲಿ ಕೋಡ್ ತೆಗೆದು ತೋರಿಸಿ, ತಮಿಳಿನಲ್ಲಿ "ವಾರಕ್ಕೆ ಐದೇ ಲೀಟರ್ ಸಾರ್" ಎಂದರು. ಲೀಟರಿಗೆ 370, ಹಿಂದಿನ ಡಿಸೆಂಬರಿನಲ್ಲಿ 177 ಇತ್ತು. ಏರಿಳಿತದ ಊರಲ್ಲಿ ಐದು ಲೀಟರಿಗೆ ನೂರಿಪ್ಪತ್ತು ಕಿಲೋಮೀಟರ್ ಸಿಕ್ಕರೆ ಪುಣ್ಯ. ಇಡೀ ವಾರದ ದುಡಿಮೆ ಅಷ್ಟರೊಳಗೇ ಮುಗಿಯಬೇಕು. ತೆಪ್ಪಗೆ 700 ಕೊಟ್ಟೆ.

ಅದಕ್ಕೇ ಹೇಳುವುದು, ಇಂಥ ಪಡಿತರ ಇರುವ ಊರಲ್ಲಿ ದಿನಗಟ್ಟಲೆ ಗಾಡಿ ಬಾಡಿಗೆಗೆ ಹಿಡಿಯಬೇಡಿ. ಕ್ಯಾಂಡಿಯಲ್ಲಾದರೆ ಪೇರಾದೆನಿಯ ಸಸ್ಯೋದ್ಯಾನಕ್ಕೆ ಬಸ್ಸಿದೆ. ಬುದ್ಧನ ಹಲ್ಲನ್ನು ಪೂಜಿಸುವ ದಂತ ದೇಗುಲ, ಕೆರೆ ಎಲ್ಲ ನಡೆದೇ ನೋಡಬಹುದು. ದೇಗುಲದ ಸಂಜೆ ಪೂಜೆಯ ಡೋಲು ತಪ್ಪಿಸಬೇಡಿ. ದಂತ ಮಾತ್ರ ಕಾಣುವುದಿಲ್ಲ, ಅದನ್ನಿಟ್ಟ ಪೆಟ್ಟಿಗೆ (ಕರಂಡಕ) ಅಷ್ಟೇ. ಕೆರೆ ಕಟ್ಟಿಸಿದ್ದು ಕ್ಯಾಂಡಿಯ ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹ. ಬಿಟ್ಟಿ ದುಡಿಮೆಯಲ್ಲಿ ಕಟ್ಟಿಸಿ ಜನರ ಸಿಟ್ಟಿಗೂ ಗುರಿಯಾದ, 1815ರಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ವೆಲ್ಲೂರಿನಲ್ಲಿ ಸೆರೆಯಾದ. ಕೆರೆಯ ಹೆಸರು 'ಕಿರಿ ಮುಹುದ', ಹಾಲಿನ ಕಡಲು.

ಆ ಹಾಲಿನ ಕಡಲಿನ ದಂಡೆಯ ಹೋಟೆಲಿನಲ್ಲಿ ಹಾಲು ಹಾಕಿದ ಟೀ ಇರಲಿಲ್ಲ. ಅಲ್ಲಿನ ಟೀಗೆ ಬೀಳುವುದು ಹೆಚ್ಚಾಗಿ ಹೊರದೇಶದ ಹಾಲಿನ ಪುಡಿ, ಅದರ ಬೆಲೆ ಮುಗಿಲು ಮುಟ್ಟಿತ್ತು. ಕಪ್ಪು ಟೀ, ಜೊತೆಗೊಂದು ತುಂಡು ಕಿತುಲ್ ಬೆಲ್ಲ (ನಮ್ಮ ಮಲೆನಾಡಿನ ಬೈನೆ ಮರದ್ದೇ). ಬೆಲ್ಲ ಕಚ್ಚುತ್ತಾ ಗುಟುಕರಿಸಬೇಕು. ಸುಳ್ಳೇಕೆ, ಹಾಲಿನ ಟೀಗಿಂತ ಅದೇ ರುಚಿ ಅನ್ನಿಸಿತು.

ಗೆಸ್ಟ್‌ಹೌಸಿನ ಆರು ಕೋಣೆಗೆ ನಾನೊಬ್ಬನೇ ಗಿರಾಕಿ. ಆಗಸ್ಟಿನಲ್ಲಿ ಕರೆಂಟ್ ದರ ಶೇ 75 ಏರಿತ್ತು, ಆ ಕರೆಂಟೂ ದಿನಕ್ಕೆರಡು ಗಂಟೆ ಹೋಗುತ್ತಿತ್ತು. ಬಾಡಿಗೆಯನ್ನು ಆಯಾ ದಿನವೇ ನಗದು ಕೊಡಿ, ನಾಳೆಯ ತಿಂಡಿಗೆ ಸಾಮಾನು ತರಬೇಕು ಎಂದು ಮನೆಯಾಕೆ ಸಂಕೋಚದಿಂದ ಕೇಳಿದರು. ನೀವು ಹೋದರೆ ಇಂಥ ಮನೆಯಲ್ಲೇ ಇಳಿಯಿರಿ.

ಹೊರಡುವ ದಿನ ಬೆಳಿಗ್ಗೆ ಆಕೆ ಕೇಳದೆಯೇ ಹಾಲಿನ ಟೀ ತಂದಿಟ್ಟರು. ಪುಡಿ ಮೊಮ್ಮಗನಿಗೆಂದು ಎತ್ತಿಟ್ಟಿದ್ದೆಂದು ಗೊತ್ತಿತ್ತು. ಬೇಡ ಅಂದರೆ ನೊಂದುಕೊಳ್ಳುತ್ತಾರೇನೋ ಅನ್ನಿಸಿ ಕುಡಿದೆ.