ಕಾರವಾರದ ಮೊದಲ ದಿನ: ಹೊಸ ಬರಹಗಾರರೊಬ್ಬರಿಗೆ ಸಂಪಾದಕರ ಉತ್ತರ

ಆತ್ಮೀಯರೇ,

ನೀವು ಕಳುಹಿಸಿದ ಪ್ರವಾಸ ಬರಹವನ್ನು ಗಮನವಿಟ್ಟು ಓದಿದೆ. ಶಿರಸಿಯ ಕಾಲೇಜೊಂದರ ಇಪ್ಪತ್ತಾರು ವಿದ್ಯಾರ್ಥಿಗಳು ಕಳೆದ ಜುಲೈ ತಿಂಗಳಲ್ಲಿ ಅಂತರಕಾಲೇಜು ಸ್ಪರ್ಧೆಗೆಂದು ಕಾರವಾರಕ್ಕೆ ಹೋದಾಗ, ಹೆಚ್ಚಿನವರಿಗೆ ಅದುವರೆಗೆ ಹೆಸರಷ್ಟೇ ಗೊತ್ತಿದ್ದ ಆ ನಗರದಲ್ಲಿ ಕಳೆದ ಮೊದಲ ದಿನದ ವೃತ್ತಾಂತವದು. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಆದರೆ ಅದರೊಳಗೆ ಇನ್ನೊಂದು ಬರಹ ಅಡಗಿದೆ ಎಂದು ನನಗೆ ಅನ್ನಿಸಿರುವುದರಿಂದ, ‘ಸ್ಥಳಾಭಾವದಿಂದ’ ಎಂಬ ಎಂದಿನ ಒಂದು ಸಾಲಿನ ಉತ್ತರವನ್ನು ಕಳುಹಿಸದೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮುಖ್ಯ ಆಕ್ಷೇಪವನ್ನು ಮೊದಲೇ ಹೇಳುತ್ತೇನೆ. ಗುರುತಿಲ್ಲದ ಊರಿನಲ್ಲಿ ಬಂದಿಳಿದವರಿಗೆ ಯಾವ ಬೀದಿ ಎಲ್ಲಿಗೆ ಹೋಗುತ್ತದೆ, ಯಾರನ್ನು ಏನೆಂದು ಕೇಳಬೇಕು ಎನ್ನುವುದು ಯಾವುದೂ ಗೊತ್ತಿರುವುದಿಲ್ಲ, ಮೊದಲ ದಿನದ ಸ್ವಾರಸ್ಯವಿರುವುದೇ ಆ ಗೊತ್ತಿಲ್ಲದಿರುವಿಕೆಯಲ್ಲಿ. ನಿಮ್ಮ ಬರಹದ ನಿರೂಪಕರಿಗಾದರೋ ಬಸ್ಸು ಹೊರಡುವ ಮೊದಲೇ ಕಾರವಾರದ ಬಗ್ಗೆ ಎಲ್ಲವೂ ಗೊತ್ತಿದೆ. ಗೊತ್ತಿರುವುದು ನೀವು ನೋಡಿದ ಕಾರವಾರವೂ ಅಲ್ಲ, ಚಿತ್ರಗಳಲ್ಲಿ ಮತ್ತು ಬೇರೆಯವರ ಪ್ರವಾಸ ಕಥನಗಳಲ್ಲಿ ಕಂಡ ಕಾರವಾರ. ಹಾಗೆಂದು ನಾನು ಊಹಿಸಿ ಹೇಳುತ್ತಿಲ್ಲ. ಬರಹವೇ ನಿಮ್ಮನ್ನು ಬಿಟ್ಟುಕೊಟ್ಟಿದೆ.

‘ಕಾಳಿ ನದಿಯ ಜೋಡಿ ಸೇತುವೆಗಳನ್ನು ದಾಟುತ್ತಿದ್ದಂತೆ ಕಾರವಾರ ನಮ್ಮನ್ನು ಕೈಬೀಸಿ ಕರೆಯಿತು’ ಎಂದು ಬರೆದಿದ್ದೀರಿ. ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟಾ, ಅಂಕೋಲಾ ಮಾರ್ಗವಾಗಿ ಬರುವ ಬಸ್ಸು ಅಘನಾಶಿನಿಯನ್ನು ದಾಟುತ್ತದೆ, ಗಂಗಾವಳಿಯನ್ನು ದಾಟುತ್ತದೆ, ಆದರೆ ಕಾಳಿಯನ್ನು ದಾಟುವುದಿಲ್ಲ. ಕಾಳಿ ಇರುವುದು ಕಾರವಾರದ ಉತ್ತರಕ್ಕೆ. ಆ ಸೇತುವೆಯ ಮೇಲಿಂದ ಊರು ಪ್ರವೇಶಿಸುವವರು ಗೋವಾದ ಕಡೆಯಿಂದ ಬರುವವರು. ಮೇಲಾಗಿ ನೀವು ವರ್ಣಿಸುವ ಜೋಡಿಯಲ್ಲಿ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕುಸಿದು ನದಿಗೆ ಬಿದ್ದಿತು. ಇನ್ನು ಸಂಜೆಯ ದೃಶ್ಯದಲ್ಲಿ ‘ದಿಗಂತದುದ್ದಕ್ಕೂ ನೂರಾರು ಟ್ರಾಲರ್‌ಗಳ ದೀಪಗಳು’ ಮಿನುಗುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ 61 ದಿನಗಳಲ್ಲಿ ಟ್ರಾಲರ್, ಪರ್ಸೀನ್ ಬೋಟುಗಳು ಕಡಲಿಗಿಳಿಯದೆ ಬಂದರಿನಲ್ಲಿ ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿರುತ್ತವೆ. ಬೈತಖೋಲ ಬಂದರಿನ ಕಡೆಗೆ ನಡೆದು ಹೋಗಿದ್ದರೆ ನಿಂತ ಬೋಟುಗಳ ಆ ಸಾಲನ್ನೂ ಬಲೆ ದುರಸ್ತಿಗೆ ಕುಳಿತವರನ್ನೂ ನೀವು ಕಾಣಬಹುದಾಗಿತ್ತು. ಮಿನುಗುವ ದೀಪಗಳಿಗಿಂತ ಅದು ಎಷ್ಟೋ ಒಳ್ಳೆಯ ದೃಶ್ಯ, ಏಕೆಂದರೆ ಯಾವ ಅಂಚೆ ಕಾರ್ಡಿನಲ್ಲೂ ಅದು ಅಚ್ಚಾಗಿರುವುದಿಲ್ಲ. ಒದ್ದೆ ಕೊಡೆಗಳಿಂದ ಬಸ್ಸಿನ ನೆಲವೆಲ್ಲ ನೀರಾಯಿತು ಎಂದು ಎರಡನೆಯ ಪುಟದಲ್ಲಿ ಬರೆದವರು, ಐದನೆಯ ಪುಟದ ಹೊನ್ನಿನ ಸೂರ್ಯಾಸ್ತವನ್ನು ಯಾವ ಮೋಡಗಳ ನಡುವಿನಿಂದ ತಂದಿರಿ ಎಂಬುದನ್ನು ನೀವೇ ಯೋಚಿಸಿ.

ನಿಮ್ಮ ಕಣ್ಣೆದುರೇ ಇದ್ದದ್ದು ಬರಹದೊಳಗೆ ಬಂದೇ ಇಲ್ಲ ಎನ್ನುವುದು ನನಗೆ ಇದಕ್ಕಿಂತ ಹೆಚ್ಚು ಬೇಸರ ತಂದಿತು. ಅಂಕೋಲೆಗೆ ಮೊದಲು ಸಿಗುವ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು, ಜೀವಗಳನ್ನು ಬಲಿ ತೆಗೆದುಕೊಂಡಿತು, ಮಣ್ಣು ಗಂಗಾವಳಿಯವರೆಗೂ ನುಗ್ಗಿತು. ಆಮೇಲೆ ಬಂದ ಇನ್ನೊಂದು ಜುಲೈ ತಿಂಗಳಲ್ಲಿ, ಅಂಥದೇ ಮಳೆಯಲ್ಲಿ, ಅದೇ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನೊಳಗೆ ಒಬ್ಬರಾದರೂ ಕಿಟಕಿಯಿಂದ ಆ ಗುಡ್ಡವನ್ನು ತೋರಿಸಲಿಲ್ಲವೇ? ಅಂತ್ಯಾಕ್ಷರಿ ಅಲ್ಲಿಯೂ ನಡೆದೇ ಇತ್ತೇ? ನಡೆದೇ ಇತ್ತೆಂದಾದರೆ ಅದನ್ನೂ ಬರೆಯಿರಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಆ ಸ್ಥಳವನ್ನು ‘ಹಸಿರು ಹೊದ್ದ ಬೆಟ್ಟಗಳ ಸಾಲು’ ಎಂಬ ನಾಲ್ಕು ಪದಗಳಲ್ಲಿ ದಾಟಿಬಿಟ್ಟರೆ ಜಿಲ್ಲೆಯ ಯಾವ ಓದುಗನೂ ನಿಮ್ಮನ್ನು ನಂಬುವುದಿಲ್ಲ.

ಟ್ಯಾಗೋರ್ ಕಡಲತೀರದ ಭಾಗದಲ್ಲಿ ಎರಡು ಪುಟಗಳು ಮಾಹಿತಿಗೆ ಹೋಗಿವೆ. ಅಲ್ಲಿ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆಯ ವಿವರಗಳನ್ನು ಫಲಕದಿಂದ ನಕಲು ಮಾಡಿಕೊಂಡಂತಿದೆ, ಅವುಗಳನ್ನು ಪೂರ್ತಿಯಾಗಿ ತೆಗೆಯಿರಿ. ಟ್ಯಾಗೋರರ ಬಗ್ಗೆ ಬರೆದುದನ್ನೂ ತೆಗೆಯಬಹುದು, ಆದರೆ ಅವರಿಂದ ಒಂದನ್ನು ಕಲಿತು ತೆಗೆಯಿರಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಟ್ಯಾಗೋರರು ಕಾರವಾರಕ್ಕೆ ಬಂದು ತಂಗಿದ್ದರು. ಆಗ ಅವರಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಎಷ್ಟೋ ವರ್ಷಗಳ ನಂತರ ಆತ್ಮಕಥನದಲ್ಲಿ ಈ ಊರನ್ನು ನೆನೆದಾಗ ಅವರು ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲೆ ಹೋದುದನ್ನು, ಹಳೆಯ ಗುಡ್ಡದ ಕೋಟೆಯ ಬಳಿ ಇಳಿದು ರೈತನೊಬ್ಬನ ಮನೆಯ ಗುಡಿಸಿ ಚೊಕ್ಕಟವಾಗಿಟ್ಟ ಅಂಗಳದಲ್ಲಿ ಕುಳಿತು, ಕಟ್ಟಿಕೊಂಡು ಹೋದ ಬುತ್ತಿಯನ್ನು ಉಂಡುದನ್ನು, ಹಿಂದಿರುಗುವಾಗ ನದಿ ಕಡಲು ಸೇರುವಲ್ಲಿ ದೋಣಿಯಿಂದಿಳಿದು ಮರಳಿನ ಮೇಲೆ ಮನೆಯವರೆಗೆ ನಡೆದುದನ್ನು ಹೇಳುತ್ತಾರೆ. ಆ ಕೋಟೆಯನ್ನು ಯಾರು ಯಾವಾಗ ಕಟ್ಟಿಸಿದರು ಎಂಬ ಉದ್ದನೆಯ ಚರಿತ್ರೆ ಅಲ್ಲಿಲ್ಲ. ಗುಡಿಸಿದ ಅಂಗಳ ಇದೆ. ನಿಮ್ಮ ಐದು ಪುಟಗಳಲ್ಲಿ ಅಂಥ ಅಂಗಳ ಎಲ್ಲಿದೆ ಎಂದು ನಾನು ಹುಡುಕುತ್ತಾ ಹೋದೆ.

ಸಿಕ್ಕಿತು, ಎರಡು ಕಡೆ. ಶಿರಸಿಯ ಮಳೆಗಾಲದ ಚಳಿಗೆ ಹಾಕಿಕೊಂಡು ಹೊರಟ ಸ್ವೆಟರುಗಳನ್ನು ಘಟ್ಟದ ಕೆಳಗಿನ ಕತಗಾಲ ಬರುವಷ್ಟರಲ್ಲಿ ಒಬ್ಬೊಬ್ಬರಾಗಿ ಬಿಚ್ಚಿ, ಚೀಲದಲ್ಲಿ ಜಾಗವಿಲ್ಲದೆ ಸೊಂಟಕ್ಕೆ ಕಟ್ಟಿಕೊಂಡರು ಎಂಬ ಸಾಲು ನಿಜವಾದದ್ದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ ಎಂಬ ನಿಮ್ಮದೇ ಮುಂದಿನ ವಾಕ್ಯ ಹೇಳಲಾಗದ್ದನ್ನು ಅದು ಹೇಳಿಬಿಟ್ಟಿದೆ, ಆದ್ದರಿಂದ ಆ ಮುಂದಿನ ವಾಕ್ಯ ಬೇಡ.

ಎರಡನೆಯದು ಇನ್ನೂ ಬೆಲೆಯುಳ್ಳದ್ದು, ಮತ್ತು ನೀವು ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘ವಸತಿ ವ್ಯವಸ್ಥೆಯಲ್ಲಿ ಸಣ್ಣ ಗೊಂದಲವಾಗಿ ಬಸ್ ನಿಲ್ದಾಣದಲ್ಲಿ ಎರಡು ತಾಸು ಕಾಯಬೇಕಾಯಿತಾದರೂ ನಮ್ಮ ಸಹಪಾಠಿಯೊಬ್ಬಳು ಕೊಂಕಣಿಯಲ್ಲಿ ಮಾತನಾಡಿ ಊಟದ ಏರ್ಪಾಡು ಮಾಡಿದಳು.’ ಇಡೀ ಬರಹ ಈ ವಾಕ್ಯದೊಳಗಿದೆ. ಶಿರಸಿಯವರಿಗೆ ಕಾರವಾರ ಪರ ಊರಲ್ಲ, ಪ್ರತಿಯೊಂದು ಅರ್ಜಿಯ ಕೊನೆಗೂ ಬರುವ ಜಿಲ್ಲಾ ಕೇಂದ್ರ. ಮನೆಯ ಹಿರಿಯರು ಕಾಗದಪತ್ರದ ಕೆಲಸಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಆಗದ ಕೆಲಸವನ್ನು ಬೈದುಕೊಂಡು ರಾತ್ರಿ ಹಿಂದಿರುಗುತ್ತಿದ್ದ ಜಾಗ. (ಶಿರಸಿಗೆ ಪ್ರತ್ಯೇಕ ಜಿಲ್ಲೆ ಬೇಕೆಂಬ ಕೂಗಿನಲ್ಲಿ ಈ ರಾತ್ರಿ ಬಸ್ಸುಗಳ ಪಾಲೂ ಇದೆ.) ಅಂಥ ಸ್ವಂತ ಜಿಲ್ಲೆಯ ಕೇಂದ್ರದಲ್ಲಿಯೇ ಇಪ್ಪತ್ತಾರು ಮಂದಿ ಚೀಲಗಳ ಮೇಲೆ ಕುಳಿತು, ಸುತ್ತಲಿನ ಮಾತು ಅರ್ಧದಷ್ಟು ಅರ್ಥವಾಗದೆ, ಅದುವರೆಗೆ ತರಗತಿಯಲ್ಲಿ ಬಾಯಿಬಿಟ್ಟವಳಲ್ಲ ಎಂದು ನೀವೇ ಬೇರೆಡೆ ಹೇಳಿದ ಹುಡುಗಿಯ ಹಿಂದೆ ಸಾಲಾಗಿ ನಡೆದು ಊಟಕ್ಕೆ ಹೋದರು. ಆಕೆ ಯಾರೊಡನೆ ಮಾತನಾಡಿದಳು? ಅಧ್ಯಾಪಕರು ಆಗ ಏನು ಮಾಡುತ್ತಿದ್ದರು? ಮನೆಗೆ ಫೋನು ಮಾಡಿ ‘ಎಲ್ಲ ಸರಿಯಾಗಿದೆ’ ಎಂದು ಸುಳ್ಳು ಹೇಳಿದವರು ಎಷ್ಟು ಜನ? ಗೊಂದಲ ಸಂಘಟಕರದೋ ನಿಮ್ಮವರದೋ ಎಂಬ ತೀರ್ಪು ಮಾತ್ರ ನನಗೆ ಬೇಡ, ಅದು ದೂರು ಪತ್ರಕ್ಕೆ ಸೇರಿದ್ದು.

ಈ ಭಾಗವನ್ನು ಬರೆಯಲು ಹೊರಟರೆ ‘ನಾವೆಲ್ಲ’ ಎಂಬುದನ್ನು ಕೈಬಿಡಲೇಬೇಕಾಗುತ್ತದೆ. ನಾವೆಲ್ಲ ಸಂತಸಪಟ್ಟೆವು, ನಾವೆಲ್ಲ ಬೆರಗಾದೆವು, ನಾವೆಲ್ಲ ದಣಿದೆವು ಎಂದು ಪುಟ ಪುಟದಲ್ಲೂ ಇದೆ. ಇಪ್ಪತ್ತಾರು ಜನ ಒಂದೇ ಸಮಯಕ್ಕೆ ಬೆರಗಾಗುವುದು ಪ್ರಾರ್ಥನಾ ಗೀತೆಯಲ್ಲಿ ಮಾತ್ರ ಸಾಧ್ಯ. ಹೆಸರು ಬದಲಿಸಿ ನಾಲ್ಕು ಜನರನ್ನು ಆರಿಸಿಕೊಳ್ಳಿ, ಸಾಕು. ಮೀನುಪೇಟೆಯಲ್ಲಿ ‘ನಾವೆಲ್ಲ ಮೂಗು ಮುಚ್ಚಿಕೊಂಡೆವು’ ಎಂಬ ಮಾತನ್ನಂತೂ ನಾನು ನಂಬುವುದಿಲ್ಲ. ನಿಮ್ಮ ಗುಂಪಿನಲ್ಲಿ ಮನೆಯಲ್ಲಿ ಮೀನು ಕಾಣದೆ ಬೆಳೆದವರಿದ್ದಾರು, ಬಂಗಡೆಯ ದರ ಕೇಳಿ ನಾಲಿಗೆ ಚಪ್ಪರಿಸಿದವರೂ ಇದ್ದಾರು, ಆ ಕ್ಷಣದಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡಿದ್ದಾರು. ಒಂದು ಕಡೆಯವರ ಮೂಗನ್ನು ಎಲ್ಲರ ಮೂಗೆಂದು ಬರೆದರೆ ಕರಾವಳಿಯ ಓದುಗರು ಪುಟ ತಿರುವುತ್ತಾರೆ, ನಾನು ಅವರನ್ನು ದೂರುವುದಿಲ್ಲ.

ಉಳಿದವು ಚಿಕ್ಕವು. ‘ದೇಶ ಸುತ್ತು, ಕೋಶ ಓದು’ ಎಂದು ಆರಂಭವಾಗುವ ಮೊದಲ ಪುಟ ಪೂರ್ತಿ ಹೋಗಲಿ. ರಮಣೀಯ, ನಯನಮನೋಹರ, ಅವಿಸ್ಮರಣೀಯ ಎಂಬ ಮೂರು ಪದಗಳನ್ನು ಹುಡುಕಿ ಅಳಿಸಿ, ಅಳಿಸಿದ ಜಾಗದಲ್ಲಿ ಏನನ್ನೂ ಇಡಬೇಡಿ.

ಬಸ್ ನಿಲ್ದಾಣದಿಂದಲೇ ಆರಂಭಿಸಿ, ಸ್ವೆಟರುಗಳು ಸೊಂಟದಲ್ಲಿರುವಂತೆಯೇ, ಒಂದೂವರೆ ಸಾವಿರ ಪದಗಳೊಳಗೆ ಮತ್ತೆ ಬರೆದು ಕಳುಹಿಸಿದರೆ ಓದುತ್ತೇನೆ. ಪ್ರಕಟಿಸುವ ಭರವಸೆಯನ್ನು ಈಗಲೇ ಕೊಡಲಾರೆ. ಆ ಹುಡುಗಿಯ ಕೊಂಕಣಿ ಮಾತುಗಳನ್ನು ಬರಹದಲ್ಲಿ ಸೇರಿಸುವುದಾದರೆ ನೆನಪಿನಿಂದ ಬರೆದು ಕಳುಹಿಸಬೇಡಿ. ಮೊದಲು ಆಕೆಗೇ ಓದಿ ಹೇಳಿ, ಆಕೆಯ ಬಗ್ಗೆ ಇಷ್ಟೆಲ್ಲ ಬರೆಯಲು ಒಪ್ಪಿಗೆಯಿದೆಯೇ ಎಂಬುದನ್ನೂ ಅದೇ ಸಮಯಕ್ಕೆ ಕೇಳಿಕೊಳ್ಳಿ.

ಇತಿ,
ಸಂಪಾದಕ