ಮಗ ಹೊನೊಲುಲುಗೆ, ಅಮ್ಮನಿಗೆ ನಿದ್ದೆ ಇಲ್ಲ

(ಆರು ವರ್ಷ ಹವಾಯಿಯಲ್ಲಿ, ಹೊನೊಲುಲು ನಗರ ಇರುವ ಒವಾಹು ದ್ವೀಪದಲ್ಲಿದ್ದು ಈಗ ಚಿತ್ರದುರ್ಗಕ್ಕೆ ಮರಳಿರುವ ನಮ್ಮ ಅಂಕಣಗಾರ್ತಿ ಓದುಗರ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನನ್ನ ಮಗನಿಗೆ ಹೊನೊಲುಲುವಿನ ಮನೋವಾದಲ್ಲಿರುವ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡುತ್ತಾನೆ. ಈಗಿಂದಲೇ ಮೊಬೈಲ್‌ನಲ್ಲಿ ಸರ್ಫಿಂಗ್, ಅಂದರೆ ಹಲಗೆ ಮೇಲೆ ನಿಂತು ಕಡಲ ಅಲೆ ಸವಾರಿ ಮಾಡುವ ಆಟದ ವಿಡಿಯೊ ನೋಡುತ್ತಾ ಕೂತಿರುತ್ತಾನೆ. ಅವನು ಈಜು ಕಲಿತದ್ದು ಅಜ್ಜನ ತೋಟದ ಬಾವಿಯಲ್ಲಿ, ಆಮೇಲೆ ಭದ್ರಾ ನಾಲೆಯಲ್ಲಿ. ಕಡಲು ನೋಡಿದ್ದು ಎರಡೇ ಸಲ. ಬೇಡ ಅಂತ ಹೇಳಲಾ? ಅಲ್ಲಿಯ ಜನ ಹೇಗೆ? ಊಟಕ್ಕೆ ಏನು ಮಾಡುತ್ತಾನೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನೋಡಮ್ಮಾ, ಬೇಡ ಅನ್ನಬೇಡಿ. ಅಂದರೂ ಹೋಗುತ್ತಾನೆ, ನಿಮಗೆ ಹೇಳದೆ ಹೋಗುತ್ತಾನೆ ಅಷ್ಟೇ. ನಾನು ಮೊದಲ ಸಲ ಸರ್ಫ್ ಬೋರ್ಡ್ ಹತ್ತಿದಾಗ ನನಗೆ 41 ವರ್ಷ. ದುರ್ಗದವಳು, ಬಂಡೆ ಹತ್ತುವುದು ಗೊತ್ತಿತ್ತು, ನೀರು ಗೊತ್ತಿರಲಿಲ್ಲ. ನಿಮ್ಮ ಮಗ ನನಗಿಂತ ವಾಸಿ.

ಬಾವಿಯ ಈಜು ಅಲ್ಲಿ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಬಾವಿ ನೀರು ಸುಮ್ನೆ ನಿಂತಿರುತ್ತದೆ. ನಾಲೆಯ ಈಜು ಬರುತ್ತದೆ. ನಾಲೆಗೆ ಇಳಿದ ಹುಡುಗರು ನೀರಿಗೆ ಎದುರಾಗಿ ಈಜುವುದಿಲ್ಲ ಅಲ್ವಾ? ಅದರ ಜೊತೆ ಸಾಗಿ, ಓರೆಯಾಗಿ ದಡ ಹಿಡಿಯುತ್ತಾರೆ. ಕಡಲಲ್ಲೂ ದಡದಿಂದ ಒಳಕ್ಕೆ ಎಳೆಯುವ ಸೆಳವು ಇರುತ್ತದೆ. ಸಿಕ್ಕಿಕೊಂಡವರು ಗಾಬರಿಯಿಂದ ನೇರ ದಡದ ಕಡೆ ಕೈ ಬಡಿದು ಸುಸ್ತಾಗುತ್ತಾರೆ. ಮುಳುಗುವುದು ಆ ಸುಸ್ತಿನಿಂದ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವಿನಿಂದ ಹೊರಬಂದ ಮೇಲೆ ದಡಕ್ಕೆ ಬರಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಬೇಕು. ಕಾವಲಿನವರು, ಅಂದರೆ ಲೈಫ್‌ಗಾರ್ಡ್, ಇರುವ ಬೀಚಿಗೆ ಮಾತ್ರ ಹೋಗು ಅಂತ ಅವನಿಂದ ಭಾಷೆ ತಗೊಳ್ಳಿ.

ಕಲಿಯಲು ಹೊನೊಲುಲುವಿನ ವೈಕಿಕಿ ಬೀಚ್ ಒಳ್ಳೆಯದು. ಅಲೆ ಉದ್ದಕ್ಕೆ, ನಿಧಾನಕ್ಕೆ ಬರುತ್ತದೆ. ಹೊಸಬರಿಗೆ ಮೆತ್ತನೆಯ ಉದ್ದ ಬೋರ್ಡ್ ಕೊಡುತ್ತಾರೆ, ಅದರ ಹಗ್ಗವನ್ನು ಕಾಲಿಗೆ ಕಟ್ಟುತ್ತಾರೆ. ತಳದಲ್ಲಿ ಹವಳದ ಬಂಡೆ ಇರುತ್ತದೆ. ಬಿದ್ದರೆ ಚಪ್ಪಟೆಯಾಗಿ ಬೀಳಬೇಕು, ಬಾವಿಗೆ ಹಾರಿದ ಹಾಗೆ ತಲೆ ಕೆಳಗಾಗಿ ಹಾರಬಾರದು. ಬಾವಿಯ ಹುಡುಗನಿಗೆ ಇದನ್ನು ಎರಡು ಸಲ ಹೇಳಿ.

ಇನ್ನು ಸರದಿಯ ವಿಷಯ. ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಭಾನುವಾರ ಬೆಳಗ್ಗೆ ತಿನ್ನುವವರ ಕುರ್ಚಿ ಹಿಂದೆ ಜನ ನಿಂತಿರುತ್ತಾರೆ. ಸಾಲು ಇಲ್ಲ, ಚೀಟಿ ಇಲ್ಲ. ಆದರೂ ಯಾರ ಕುರ್ಚಿ ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಹೊಸಬ ಬಂದು ಪಟ್ಟಂತ ಕೂತರೆ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ಲ. ನೀರಿನಲ್ಲೂ ಹಾಗೇ. ಅಲೆ ಮೊದಲು ಮುರಿಯುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ಮೊದಲ ತಿಂಗಳು ನಾನು ಇದನ್ನು ಮರೆತು ಹೊರಟುಬಿಟ್ಟೆ. ಎಡಕ್ಕೆ ಬಿಳಿ ಗಡ್ಡದ ಅಜ್ಜ ಅದೇ ಅಲೆಯ ಮೇಲೆ ಆಗಲೇ ನಿಂತು ಬರುತ್ತಿದ್ದರು. ನನ್ನನ್ನು ತಪ್ಪಿಸಲು ಅವರೇ ನೀರಿಗೆ ಬಿದ್ದರು. ಚೆನ್ನಾಗಿ ಬೈದರು. ನಾನು ತಪ್ಪಾಯ್ತು ಅಂದೆ. 'ಎಲ್ಲಿಂದ ಬಂದಿದ್ದೀಯ? ಒಂದು ವಾರ ಸುಮ್ಮನೆ ಕೂತು ನೋಡು' ಅಂದರು. ಕೂತೆ. ಎಂಟನೇ ದಿನ ಒಂದು ಅಲೆ ಬಂದಾಗ ಅವರೇ ಗದ್ದ ಎತ್ತಿ 'ಹೋಗು' ಅಂತ ಸನ್ನೆ ಮಾಡಿದರು. ಮದುವೆ ದಿನವೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ, ಯಜಮಾನರು ಇದನ್ನು ಓದದಿದ್ದರೆ ಸಾಕು.

ಒಂದು ಹುಷಾರಿನ ಮಾತು. ಆಗಸ್ಟ್‌ನಲ್ಲಿ ದ್ವೀಪದ ಉತ್ತರ ದಡ ನಮ್ಮ ಸೂಳೆಕೆರೆ ಹಾಗೆ ಮಲಗಿರುತ್ತದೆ. ನೋಡಿ ಮೋಸ ಹೋಗಬಾರದು. ಚಳಿಗಾಲದಲ್ಲಿ ಅದೇ ಜಾಗದಲ್ಲಿ 20–30 ಅಡಿ ಅಲೆ ಏಳುತ್ತವೆ. ಆಗ ದಡದ ಮೇಲೆ ನಿಂತು ನೋಡುವುದೇ ಅವನ ಕೆಲಸ, ಅದೂ ದೂರದಿಂದ. ಕಡಲಿಗೆ ಬೆನ್ನು ಹಾಕಬಾರದು ಅನ್ನುತ್ತಾರೆ ಅಲ್ಲಿ. ವೈಕಿಕಿಯಲ್ಲಿ ಡ್ಯೂಕ್ ಕಹಾನಮೋಕು ಅವರ ಪ್ರತಿಮೆ ಇದೆ. 1912ರ ಒಲಿಂಪಿಕ್ಸ್‌ನಲ್ಲಿ ಈಜಿಗೆ ಚಿನ್ನ ಗೆದ್ದವರು, ಸರ್ಫಿಂಗನ್ನು ಹೊರಜಗತ್ತಿಗೆ ತೋರಿಸಿದವರು. ಅವರನ್ನೇ ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿದ್ದಾರೆ ಅಂತ ಜನ ಇನ್ನೂ ಗೊಣಗುತ್ತಾರೆ.

ಜನ ಹೇಗೆ ಅಂದಿರಿ. ಹಿರಿಯರನ್ನು ಆಂಟಿ, ಅಂಕಲ್ ಅನ್ನುತ್ತಾರೆ, ಪರಿಚಯ ಇಲ್ಲದಿದ್ದರೂ. ಚಪ್ಪಲಿ ಬಾಗಿಲ ಹೊರಗೇ ಬಿಡುತ್ತಾರೆ. ನಾವು ಹವಾಯಿ ಚಪ್ಪಲಿ ಅನ್ನುವುದಕ್ಕೆ ಅಲ್ಲಿ ಬರೀ ಸ್ಲಿಪ್ಪರ್ ಅನ್ನುತ್ತಾರೆ! ದಾರಿ ಕೇಳಿದರೆ ಉತ್ತರ, ದಕ್ಷಿಣ ಹೇಳುವುದಿಲ್ಲ. ಬೆಟ್ಟದ ಕಡೆಗೆ ಮೌಕಾ, ಕಡಲ ಕಡೆಗೆ ಮಕಾಯ್. ದುರ್ಗದಲ್ಲಿ ನಾವು 'ಕೋಟೆ ಕಡೆ' ಅಂದ ಹಾಗೆ. ಒಂದು ಮಾತು ಅವನು ನೆನಪಿಡಲಿ: ಅಲ್ಲಿ ಎಷ್ಟು ವರ್ಷ ಇದ್ದರೂ 'ನಾನು ಹವಾಯಿಯನ್' ಅನ್ನಬಾರದು. ಆ ಹೆಸರು ಮೂಲ ನಿವಾಸಿಗಳ ವಂಶದವರಿಗೆ ಮಾತ್ರ. 1893ರಲ್ಲಿ ಅವರ ರಾಣಿಯನ್ನು ಇಳಿಸಿದರು, 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. ಆ ನೋವು ಇನ್ನೂ ಹಸಿಯಾಗಿದೆ.

ಊಟದ ಚಿಂತೆ ಬೇಡ. ದಿನಾ ಅನ್ನ ತಿನ್ನುವ ಊರು ಅದು. ಕೆಸುವಿನ ಗೆಡ್ಡೆ ಬೇಯಿಸಿ ಕುಟ್ಟಿ 'ಪೋಯ್' ಅಂತ ಮಾಡುತ್ತಾರೆ. ಮೊದಲ ತುತ್ತಿಗೆ ಅಂಟಿನ ಹಾಗಿರುತ್ತದೆ, ಆಮೇಲೆ ರೂಢಿಯಾಗುತ್ತದೆ. ಕೆಸು ಅವರಿಗೆ ಮನುಷ್ಯರ ಅಣ್ಣ ಇದ್ದ ಹಾಗೆ, ಅದನ್ನು ತಮಾಷೆ ಮಾಡಬಾರದು. ಬೆಲೆ ಮಾತ್ರ ಕಣ್ಣು ಬಿಡಿಸುತ್ತದೆ, ಬಹುಪಾಲು ಸಾಮಾನು ಹಡಗಿನಲ್ಲಿ ಬರಬೇಕು. ಕ್ಯಾಲಿಫೋರ್ನಿಯಾವೇ ಸುಮಾರು 3,800 ಕಿ.ಮೀ. ದೂರ. ಚಟ್ನಿ ಪುಡಿ ಕಟ್ಟಿಕೊಡಿ. ಹಸಿ ಕರಿಬೇವು, ಹಣ್ಣು, ಬೀಜ ಬೇಡ, ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.

ಫೋನ್ ಮಾಡುವಾಗ ನೆನಪಿರಲಿ, ಅಲ್ಲಿ ಹದಿನೈದೂವರೆ ಗಂಟೆ ಹಿಂದೆ. ನೀವು ಭಾನುವಾರ ಬೆಳಗ್ಗೆ 8ಕ್ಕೆ ಮಾಡಿದರೆ ಅವನಿಗೆ ಶನಿವಾರ ಸಂಜೆ 4.30. ಎತ್ತದಿದ್ದರೆ ನೀರಿನಲ್ಲಿರುತ್ತಾನೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತರು. ಹತ್ತು ದಿನ ಹವಾಯಿಗೆ ಹೊರಟಿದ್ದೇವೆ. ಏನು ತರಬಹುದು, ಏನು ಜೋಪಾನ?
– ದಂಪತಿ, ಚಿತ್ರದುರ್ಗ

ಉತ್ತರ: ಕಾಫಿ ಪುಡಿ ತನ್ನಿ. ಕಲ್ಲು ತರಬೇಡಿ. ಲಾವಾ ಕಲ್ಲು ಅಗ್ನಿದೇವತೆ ಪೆಲೆಯದು ಅಂತ ನಂಬಿಕೆ. ಒಯ್ದವರು ಹೆದರಿ ಅಂಚೆಯಲ್ಲಿ ವಾಪಸ್ ಕಳಿಸುವುದೂ ಉಂಟು. ನಮ್ಮ ಕೋಟೆ ಕಲ್ಲಿನ ಮೇಲೆ ಹೆಸರು ಗೀಚುವವರಿಗೆ ಈ ಸಾಲು ಓದಿ ಹೇಳಿ. ಆಮೆ ಕಂಡರೆ ಹತ್ತು ಅಡಿ ದೂರ ಇರಿ. ಹುಣ್ಣಿಮೆಯಾಗಿ 8–10 ದಿನಕ್ಕೆ ಒವಾಹುವಿನ ದಕ್ಷಿಣದ ಬೀಚ್‌ಗಳಿಗೆ ಕುಟುಕುವ ಅಂಬಲಿ ಮೀನು, ಅಂದರೆ ಜೆಲ್ಲಿಫಿಶ್, ಬರುತ್ತವೆ. ನಮ್ಮ ಪಂಚಾಂಗ ಒಯ್ಯಿರಿ, ಬಹುಳ ಅಷ್ಟಮಿಯಿಂದ ದಶಮಿವರೆಗೆ ನೀರಿಗೆ ಇಳಿಯಬೇಡಿ. ಸನ್‌ಸ್ಕ್ರೀನ್ ಅಲ್ಲೇ ಕೊಳ್ಳಿ. ಹವಳಕ್ಕೆ ಕೆಟ್ಟದ್ದು ಅಂತ ಎರಡು ರಾಸಾಯನಿಕ ಇರುವಂಥವನ್ನು 2021ರಿಂದ ಮಾರುವ ಹಾಗಿಲ್ಲ.

ಪ್ರಶ್ನೆ: ಅಷ್ಟು ದೂರ ಹೋಗಲು ದುಡ್ಡಿಲ್ಲ. ಇಲ್ಲೇ ಹತ್ತಿರ ಸರ್ಫಿಂಗ್ ಕಲಿಯಬಹುದಾ?
– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೂಲ್ಕಿಗೆ ಹೋಗಮ್ಮ. ಶಾಂಭವಿ ನದಿ ಕಡಲು ಸೇರುವ ಕಡೆ ವರ್ಷಗಳಿಂದ ಕಲಿಸುತ್ತಿದ್ದಾರೆ. ಶಿವಮೊಗ್ಗ, ಆಗುಂಬೆ, ಉಡುಪಿ ದಾರಿ. ಮಳೆಗಾಲದಲ್ಲಿ ಬೇಡ, ದಸರಾ ಕಳೆಯಲಿ. ದಾವಣಗೆರೆ ತಾಯಿಯೂ ಬೇಕಿದ್ದರೆ ಮಗನನ್ನು ಮೇ ಒಳಗೆ ಅಲ್ಲಿಗೇ ಕರೆದುಕೊಂಡು ಹೋಗಲಿ, ದಡದ ಮೇಲೆ ಕೂತು ನೋಡಿ ಬರಲಿ.