ಪ್ರುಸಿಕ್ ಜಾರುತ್ತಿರುವುದು ಕಾರ್ಡ್ ದಪ್ಪದಿಂದ

ಪ್ರುಸಿಕ್ ಅಂದರೆ ಹತ್ತುವ ಹಗ್ಗಕ್ಕೆ ತೆಳು ಹಗ್ಗದ (ಕಾರ್ಡ್) ಕುಣಿಕೆ ಸುತ್ತಿ ಹಾಕುವ, ಭಾರ ಬಿದ್ದಾಗ ಬಿಗಿದು ಹಿಡಿಯುವ ಗಂಟು. ನಿಮ್ಮದು ಯಾಕೆ ಜಾರುತ್ತಿದೆ ಎಂದು ಕೇಳಿದ್ದೀರಿ; 9 ಮಿ.ಮೀ. ಹಗ್ಗಕ್ಕೆ 8 ಮಿ.ಮೀ. ಕಾರ್ಡ್, ಅದೂ ಎರಡೇ ಸುತ್ತು ಅಂದಿದ್ದೀರಿ. ಮೈಭಾರ ಹಾಕಿದಾಗ ಜಾರಲು ಬಹುತೇಕ ಅದೇ ಕಾರಣ. ಕಾರ್ಡ್ ಹೆಚ್ಚುಕಮ್ಮಿ ಹಗ್ಗದಷ್ಟೇ ದಪ್ಪವಿದ್ದರೆ ಸರಿಯಾಗಿ ಕಚ್ಚಿ ಹಿಡಿಯುವುದಿಲ್ಲ.

6 ಮಿ.ಮೀ. ನೈಲಾನ್ ಕಾರ್ಡ್ ಸುಮಾರು ಒಂದೂವರೆ ಮೀಟರ್ ತಗೊಳ್ಳಿ. ತುದಿಗಳನ್ನು ಡಬಲ್ ಫಿಶರ್‌ಮನ್ ಗಂಟಿನಿಂದ (ಪ್ರತಿ ತುದಿಯನ್ನೂ ಇನ್ನೊಂದರ ಮೇಲೆ ಎರಡು ಸಲ ಸುತ್ತಿ ಬಿಗಿಯುವ ಗಂಟು) ಸೇರಿಸಿ, ಎರಡೂ ಕಡೆ 6–7 ಸೆಂ.ಮೀ. ಬಾಲ ಬಿಡಿ. ಕುಣಿಕೆಯನ್ನು ಹಗ್ಗದ ಹಿಂದಿಟ್ಟು, ಗಂಟಿರುವ ಭಾಗವನ್ನು ಅದರೊಳಗಿಂದಲೇ ಮೂರು ಸಲ ಸುತ್ತಿ ತೂರಿಸಿ; ಪ್ರತಿ ಸುತ್ತೂ ಹಿಂದಿನದರ ಒಳಗಡೆ ಕೂರಬೇಕು. ಆಮೇಲೆ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಜೋಡಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಒಂದು ಎಳೆ ಇನ್ನೊಂದರ ಮೇಲೆ ಹತ್ತಿದರೂ ಹಿಡಿತ ಸಡಿಲ. ಫಿಶರ್‌ಮನ್ ಗಂಟು ಸುತ್ತುಗಳೊಳಗೂ ಬೇಡ, ಕ್ಯಾರಬೀನರ್ (ಕುಣಿಕೆ ಸಿಕ್ಕಿಸುವ ಲೋಹದ ಕೊಕ್ಕೆ) ಮೇಲೂ ಬೇಡ, ನಡುವೆ ಪಕ್ಕದಲ್ಲಿರಲಿ.

ರಾಮನಗರದ ಬಂಡೆಗಳಲ್ಲಿ ಹತ್ತುವಾಗ ಮಳೆಗೆ ಹಗ್ಗ ನೆಂದಿದ್ದರೆ, ಅಥವಾ ಹಗ್ಗ ಹೊಸದಾಗಿ ನುಣುಪಾಗಿದ್ದರೆ ನಾಲ್ಕನೇ ಸುತ್ತು ಬೇಕಾಗಬಹುದು. ಅದನ್ನು ಕಣ್ಣಳತೆಯಲ್ಲಿ ನಿರ್ಧರಿಸಬೇಡಿ. ನೆಲದ ಹತ್ತಿರವೇ, ಬೇರೊಂದು ಆಧಾರಕ್ಕೆ ಕಟ್ಟಿಕೊಂಡಿದ್ದು, ಪೂರ್ತಿ ಭಾರ ಒಂದು ನಿಮಿಷ ಪ್ರುಸಿಕ್ ಮೇಲೆ ಹಾಕಿ ನೋಡಿ.

ಜಾರಿದಾಗ ಗಾಬರಿಯಿಂದ ಪ್ರುಸಿಕ್ಕನ್ನೇ ಮುಷ್ಟಿಯಲ್ಲಿ ಹಿಡಿಯಬೇಡಿ, ದಯವಿಟ್ಟು. ಅದು ಬಿಗಿಯುವ ಬದಲು ಇನ್ನೂ ಜಾರಿ, ಉಜ್ಜುವ ಬಿಸಿಗೆ ನೈಲಾನ್ ಕರಗುತ್ತದೆ. ಈಗಿನ ಕಾರ್ಡ್ ಎಲ್ಲಾದರೂ ಹೊಳಪಾಗಿ ಗಟ್ಟಿಯಾಗಿದ್ದರೆ ಕತ್ತರಿಸಿ ಬಿಸಾಡಿ.